ಬಂಕ್‌ನಲ್ಲಿ ಸಿಗೋ ಒಂದು ಲೀಟರ್ ಪೆಟ್ರೋಲ್: ರೇಟು, ಅಳತೆ, ಮೈಲೇಜು ಎಲ್ಲಾ ಸೇರಿ ನನ್ನ ರಿವ್ಯೂ

ಎರಡು ಸಾವಿರ ರೂಪಾಯಿ ಮಿಕ್ಸಿ ತಗೋಬೇಕಾದ್ರೆ ನಾವು ರಾತ್ರಿ ಕೂತು ಐವತ್ತು ರಿವ್ಯೂ ಓದ್ತೀವಿ, ಜಾರ್ ಲೀಕ್ ಆಗುತ್ತಾ, ವಾರಂಟಿ ಎಷ್ಟು ವರ್ಷ, ಸರ್ವೀಸ್ ಸೆಂಟರ್ ಹತ್ತಿರ ಇದೆಯಾ ಅಂತ ಎಲ್ಲಾ ನೋಡ್ತೀವಿ. ಆದ್ರೆ ಒಂದು ಸಾಧಾರಣ ಕಾರ್ ಇಟ್ಕೊಂಡು ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸೋ ಮನೇಲಿ ಪೆಟ್ರೋಲ್‌ಗೇ 80 ಸಾವಿರ ಹೋಗುತ್ತೆ, ಆ ಪೆಟ್ರೋಲ್ ಬಗ್ಗೆ ಮಾತ್ರ ಯಾರೂ ಗ್ರಾಹಕರ ಥರ ಕೂತು ಒಂದು ರಿವ್ಯೂ ಬರೆಯಲ್ಲ. ರೇಟ್ ಏರಿದ ದಿನ ಬೈತೀವಿ, ಮಾರನೇ ದಿನ ಅದೇ ಲೈನಲ್ಲಿ ನಿಂತು ಹಾಕಿಸ್ಕೋತೀವಿ, ಅಲ್ಲಿಗೆ ಮುಗೀತು. ಅದಕ್ಕೆ ನಾನೇ ಬರೀತಾ ಇದೀನಿ, ಬೇರೆ ಸಾಮಾನಿಗೆ ನೋಡೋ ಹಾಗೇ ರೇಟು, ಕ್ವಾಲಿಟಿ, ಅಳತೆ, ಅಂಗಡಿ ಸರ್ವೀಸು, ಬೇರೆ ಆಯ್ಕೆ ಏನಿದೆ ಎಲ್ಲಾನೂ ನೋಡಿ. ಬೆಂಗಳೂರಿನ ರೇಟ್ ಇಟ್ಕೊಂಡು ಬರೀತಿದೀನಿ, 2025ರ ಕೊನೆ ಹೊತ್ತಿನ ಲೆಕ್ಕ, ನಿಮ್ಮೂರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ.

ಮೊದಲು ರೇಟು. 2025ರ ಕೊನೆಗೆ ಬೆಂಗಳೂರಲ್ಲಿ ಲೀಟರಿಗೆ 103ಕ್ಕೆ ಹತ್ತಿರ ಇತ್ತು. ಇದರಲ್ಲಿ ಕೇಂದ್ರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ, ಇದು ಲೀಟರಿಗೆ ಇಷ್ಟು ಅಂತ ಫಿಕ್ಸು, ಕಚ್ಚಾ ತೈಲ ಏರಲಿ ಇಳಿಯಲಿ ಅದು ತಾನಾಗೇ ಬದಲಾಗಲ್ಲ, ಸರ್ಕಾರ ಬದಲಾಯಿಸಿದ್ರೆ ಮಾತ್ರ. ಅದರ ಮೇಲೆ ನಮ್ಮ ರಾಜ್ಯದ ಮಾರಾಟ ತೆರಿಗೆ ಶೇಕಡಾ 29.84, ಅದು ಸುಮಾರು 23 ರೂಪಾಯಿ ಆಗುತ್ತೆ. ಬಂಕ್ ಮಾಲೀಕರ ಕಮಿಷನ್ ನಾಲ್ಕು ರೂಪಾಯಿ ಚಿಲ್ಲರೆ. ಉಳಿದದ್ದು, ಅಂದ್ರೆ ಐವತ್ತು ದಾಟಿ ಮೂರ್ನಾಲ್ಕು ರೂಪಾಯಿ, ಅದೇ ಪೆಟ್ರೋಲ್‌ನ ಅಸಲು ಬೆಲೆ, ರಿಫೈನರಿ ಸಾಗಾಣಿಕೆ ಎಲ್ಲಾ ಸೇರಿ. ಅಂದ್ರೆ ನೂರಾ ಮೂರು ಕೊಟ್ರೆ ಹತ್ತಿರ ಹತ್ತಿರ 45 ರೂಪಾಯಿ ಟ್ಯಾಕ್ಸ್. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ, ರಾಜ್ಯದ ತೆರಿಗೆ ಶೇಕಡಾವಾರು ಇರೋದ್ರಿಂದ ಅದು ಕೇಂದ್ರದ ಸುಂಕದ ಮೇಲೂ ಬೀಳುತ್ತೆ, 21.90ರ ಮೇಲೆ ಶೇಕಡಾ 29.84 ಹಾಕಿ ನೋಡಿ, ಆರೂವರೆ ರೂಪಾಯಿ, ಇದು ಪೂರ್ತಿ ತೆರಿಗೆ ಮೇಲಿನ ತೆರಿಗೆ. ಜಿಎಸ್‌ಟಿಯಲ್ಲಿ ಇದ್ದಿದ್ರೆ ಹೀಗೆ ಆಗ್ತಿರಲಿಲ್ಲ, ಆದ್ರೆ ಪೆಟ್ರೋಲ್ ಜಿಎಸ್‌ಟಿ ಹೊರಗಿದೆ, 2021ರ ಸೆಪ್ಟೆಂಬರ್‌ನಲ್ಲಿ ಲಕ್ನೋದಲ್ಲಿ ಕೌನ್ಸಿಲ್ ಮೀಟಿಂಗ್‌ಗೆ ಈ ವಿಷಯ ಬಂತು, ಈಗ ಬೇಡ ಅಂತ ಅಂದ್ರು, ಕೇಂದ್ರವೂ ಒತ್ತಾಯ ಮಾಡಲಿಲ್ಲ ರಾಜ್ಯಗಳೂ ಒಪ್ಪಲಿಲ್ಲ.

ಈ ಸುಂಕ ಹೇಗೆ ಇಷ್ಟಾಯ್ತು ಅಂತ ನೋಡಿದ್ರೆ ನಮಗೆ ಇಳಿಕೆ ಯಾಕೆ ತಲುಪಲ್ಲ ಅನ್ನೋದು ಅರ್ಥ ಆಗುತ್ತೆ. 2014ರ ನವೆಂಬರ್‌ಗೆ ಮುಂಚೆ ಪೆಟ್ರೋಲ್ ಮೇಲೆ ಅಬಕಾರಿ ಸುಂಕ 9 ರೂಪಾಯಿ 48 ಪೈಸೆ ಇತ್ತು. ಆಗ ಅಂತರರಾಷ್ಟ್ರೀಯ ಮಾರ್ಕೆಟ್‌ನಲ್ಲಿ ಕಚ್ಚಾ ತೈಲ ಕುಸೀತಾ ಹೋಯ್ತು, ಅದು ಕುಸೀತಾ ಇದ್ದಂಗೆ ಸುಂಕ ಏರ್ತಾ ಹೋಯ್ತು, ಒಂಬತ್ತು ಸಲ ಏರಿಸಿ 2016ರ ಜನವರಿಗೆ 21.48 ಮಾಡಿದ್ರು. ಆಮೇಲೆ ಕೊರೊನಾ ಟೈಮಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 20 ಡಾಲರ್‌ಗೆ ಬಿತ್ತು, ನಾವೆಲ್ಲಾ ಮನೇಲಿ ಕೂತಿದ್ವಿ, ಅಷ್ಟೊತ್ತಿಗೆ 19.98ಕ್ಕೆ ಇಳಿದಿದ್ದ ಸುಂಕಕ್ಕೆ ಆಗ ಮಾರ್ಚ್‌ನಲ್ಲಿ ಮೂರು ರೂಪಾಯಿ, ಮೇ ತಿಂಗಳಲ್ಲಿ ಹತ್ತು ರೂಪಾಯಿ ಸೇರಿಸಿ 32.98ಕ್ಕೆ ತಂದ್ರು. ಕಚ್ಚಾ ತೈಲ ಮತ್ತೆ ಏರಿದಾಗ ಆ ಸುಂಕ ಹಾಗೇ ಕೂತಿತ್ತು, ಅದಕ್ಕೇ 2021ರ ದೀಪಾವಳಿ ಹೊತ್ತಿಗೆ ಬೆಂಗಳೂರಲ್ಲಿ ಲೀಟರ್ 113 ರೂಪಾಯಿ 93 ಪೈಸೆ ಆಗಿತ್ತು, ನೆನಪಿರಬೇಕು ನಿಮಗೆ. ಹಬ್ಬದ ದಿನ ಕೇಂದ್ರ 5 ರೂಪಾಯಿ ಇಳಿಸ್ತು, ನಮ್ಮ ರಾಜ್ಯ 7 ರೂಪಾಯಿ ಇಳಿಸ್ತು, 35 ಪರ್ಸೆಂಟ್ ಇದ್ದ ತೆರಿಗೆ 25.92ಕ್ಕೆ ಬಂತು, ರೇಟು ಒಂದೇ ಏಟಿಗೆ ನೂರರ ಹತ್ತಿರ. 2022ರ ಮೇನಲ್ಲಿ ಕೇಂದ್ರ ಇನ್ನೂ 8 ಇಳಿಸ್ತು. 2024ರ ಜೂನ್‌ನಲ್ಲಿ ಲೋಕಸಭೆ ಚುನಾವಣೆ ಮುಗಿದ ಕೂಡಲೇ ನಮ್ಮ ರಾಜ್ಯ 25.92ನ 29.84 ಮಾಡ್ತು, ಲೀಟರಿಗೆ ಮೂರು ರೂಪಾಯಿ ಏರಿಕೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಎರಡು ರೂಪಾಯಿ ಏರಿಸ್ತು, ಅದನ್ನ ಕಂಪನಿಗಳೇ ನುಂಗಿಕೊಂಡವು ಅದಕ್ಕೆ ಬೋರ್ಡ್‌ನಲ್ಲಿ ಕಾಣಲಿಲ್ಲ, ಆದ್ರೆ ಕಚ್ಚಾ ತೈಲ ಅಗ್ಗ ಆಗಿದ್ದ ಹೊತ್ತಲ್ಲಿ ನಮಗೆ ಬರಬೇಕಿದ್ದ ಇಳಿಕೆ ಅದು. ಯಾವ ಪಕ್ಷದವರು ಅಂತ ನಾನು ಇಲ್ಲಿ ನೋಡ್ತಿಲ್ಲ, ಎಲ್ಲರೂ ಮಾಡಿರೋದು ಒಂದೇ.

ಕೇಂದ್ರಕ್ಕೆ ಹೋದ ದುಡ್ಡು ರಾಜ್ಯಕ್ಕೆ ವಾಪಸ್ ಬರುತ್ತಲ್ವಾ ಅಂತ ಕೇಳ್ತಾರೆ, ಇದನ್ನೂ ಲೆಕ್ಕ ಹಾಕಿ ನೋಡಿದೆ. 21.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಮಿಕ್ಕಿದ್ದೆಲ್ಲಾ ಸೆಸ್ಸು ಮತ್ತು ವಿಶೇಷ ಸುಂಕ, ರಸ್ತೆ ಸೆಸ್ಸು, ಕೃಷಿ ಸೆಸ್ಸು ಅಂತೆಲ್ಲಾ, ಅದನ್ನ ಹಂಚೋ ಹಾಗಿಲ್ಲ. 1.40ರಲ್ಲಿ 15ನೇ ಹಣಕಾಸು ಆಯೋಗದ ಪ್ರಕಾರ ಶೇಕಡಾ 41 ಎಲ್ಲಾ ರಾಜ್ಯಗಳಿಗೆ, ಅಂದ್ರೆ 57 ಪೈಸೆ, ಅದರಲ್ಲಿ ಕರ್ನಾಟಕದ ಪಾಲು 2026ರ ಮಾರ್ಚ್ ತನಕ ಶೇಕಡಾ 3.647. ಬಂದದ್ದು ಎರಡು ಪೈಸೆ. ಒಂದು ಲೀಟರಿಗೆ ಎರಡು ಪೈಸೆ. ರಸ್ತೆ ಸೆಸ್ಸಿಂದ ನಮ್ಮಲ್ಲೂ ಹೆದ್ದಾರಿ ಆಗಿದೆ, ಅದನ್ನ ಇಲ್ಲ ಅನ್ನಲ್ಲ, ಆ ಹೆದ್ದಾರಿಗೆ ಟೋಲ್ ಕೂಡ ಕಟ್ತೀವಿ ಅನ್ನೋದನ್ನೂ ಮರೆಯೋಕಾಗಲ್ಲ. ರಾಜ್ಯ ಸರ್ಕಾರಕ್ಕೆ ಸ್ವಂತವಾಗಿ ರೇಟ್ ಏರಿಸೋಕೆ ಉಳಿದಿರೋ ಬಾಬತ್ತು ಪೆಟ್ರೋಲು, ಡೀಸೆಲ್ಲು, ಮದ್ಯ, ಸ್ಟ್ಯಾಂಪು, ವಾಹನ ತೆರಿಗೆ ಇಂಥ ಕೆಲವೇ, ಜಿಎಸ್‌ಟಿ ಬಂದ ಮೇಲೆ ಬೇರೆ ಎಲ್ಲಾ ಕೌನ್ಸಿಲ್ ಕೈಗೆ ಹೋಯ್ತು. ಹಾಗಾಗಿ ಬಜೆಟ್‌ನಲ್ಲಿ ದುಡ್ಡು ಸಾಲದೆ ಬಂದಾಗ ಮೊದಲು ಕೈ ಹಾಕೋದು ಬಂಕ್‌ಗೇ.

ದಿನಾ ರೇಟ್ ಪರಿಷ್ಕರಣೆ ಅಂತ ಒಂದಿದೆ ಪೇಪರಲ್ಲಿ. 2010ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಸರ್ಕಾರದ ನಿಯಂತ್ರಣ ತೆಗೆದ್ರು, 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಹೊಸ ರೇಟು. ಚೆನ್ನಾಗಿರೋ ಪದ್ಧತಿ, ಪೈಸೆ ಲೆಕ್ಕದಲ್ಲಿ ಏರಿ ಇಳಿದ್ರೆ ಯಾರಿಗೂ ಶಾಕ್ ಆಗಲ್ಲ. ಆದ್ರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ಮೇ 12ಕ್ಕೆ ಇತ್ತಲ್ಲ, ಏಪ್ರಿಲ್ 24ರಿಂದ ಮೇ 13ರ ತನಕ ರೇಟ್ ಒಂದು ಪೈಸೆ ಅಲ್ಲಾಡಲಿಲ್ಲ, ಮೇ 14ರಿಂದ ಮತ್ತೆ ಏರೋಕೆ ಶುರು. 2022ರಲ್ಲೂ ಅಷ್ಟೇ, ಉತ್ತರ ಪ್ರದೇಶದ ಚುನಾವಣೆ ಮುಗಿಯೋ ತನಕ ಸುಮ್ಮನಿದ್ದು ಮಾರ್ಚ್ 22ರಿಂದ ಎರಡು ವಾರದಲ್ಲಿ ಹತ್ತು ರೂಪಾಯಿ ಏರಿಸಿದ್ರು. 2022ರ ಮೇ ತಿಂಗಳಲ್ಲಿ ಸುಂಕ ಇಳಿದಾಗ ಬೆಂಗಳೂರಲ್ಲಿ 101.94 ಆಯ್ತು, ಆಗ ಕಚ್ಚಾ ತೈಲ ನೂರು ಡಾಲರ್ ಮೇಲಿತ್ತು, 2025ರಲ್ಲಿ 65-70ರ ಹತ್ತಿರ ಇದ್ದಾಗಲೂ ನಾವು ಕೊಡ್ತಾ ಇದ್ದದ್ದು 102 ಚಿಲ್ಲರೆ. ಮಧ್ಯದಲ್ಲಿ ಕಂಪನಿಗಳಿಗೆ ನಷ್ಟವೂ ಆಗಿದೆ, 2022ರಲ್ಲಿ ಕೈಯಿಂದ ಹಾಕಿ ಮಾರಿದಾರೆ, ಅದು ನಿಜ. 2023-24ರಲ್ಲಿ ಮೂರು ಸರ್ಕಾರಿ ಕಂಪನಿ ಸೇರಿ 81 ಸಾವಿರ ಕೋಟಿ ಹತ್ತಿರ ಲಾಭ ಮಾಡಿದ್ದೂ ನಿಜ, ಆ ವರ್ಷದ ಕೊನೆಗೆ ನಮಗೆ ಇಳಿಸಿದ್ದು ಲೀಟರಿಗೆ ಎರಡು ರೂಪಾಯಿ. ದಿನಾ ರೇಟ್ ಅಂತ ಹೇಳಿದ ಮೇಲೆ ದಿನಾ ರೇಟೇ ಕೊಡಬೇಕು, ಗ್ರಾಹಕನಾಗಿ ನನ್ನ ದೊಡ್ಡ ಕಂಪ್ಲೇಂಟ್ ಇದು.

ಈಗ ಕ್ವಾಲಿಟಿ. ನಿಮ್ಮ ಟ್ಯಾಂಕಿಗೆ ಬೀಳ್ತಿರೋದು ಪೂರ್ತಿ ಪೆಟ್ರೋಲ್ ಅಲ್ಲ, ಐದರಲ್ಲಿ ಒಂದು ಭಾಗ ಎಥನಾಲ್. ಇ20 ಅನ್ನೋದನ್ನ ಪ್ರಧಾನಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಮಾಡಿದ್ದೇ ನಮ್ಮ ಬೆಂಗಳೂರಲ್ಲಿ. 2030ಕ್ಕೆ ಅಂತ ಇದ್ದ ಗುರಿಯನ್ನ 2025ಕ್ಕೆ ಎಳೆದು ತಂದು ಮುಟ್ಟಿಸಿದಾರೆ. ಒಳ್ಳೆಯದು ಏನು ಅಂದ್ರೆ ಕಚ್ಚಾ ತೈಲದ ಆಮದು ಅಷ್ಟರ ಮಟ್ಟಿಗೆ ಉಳಿಯುತ್ತೆ, ಆ ದುಡ್ಡು ಬೆಳಗಾವಿ ಬಾಗಲಕೋಟೆ ಮಂಡ್ಯದ ಕಬ್ಬಿಗೆ, ಹಾವೇರಿ ದಾವಣಗೆರೆ ಕಡೆಯ ಮೆಕ್ಕೆಜೋಳಕ್ಕೆ ಬೇಡಿಕೆ ಆಗುತ್ತೆ, ಅದು ರೈತರ ಕೈಗೆ ಪೂರ್ತಿ ಸೇರಿದ್ರೆ ನನಗೆ ನಾಲ್ಕು ರೂಪಾಯಿ ಜಾಸ್ತಿ ಕೊಡೋಕೂ ಬೇಜಾರಿಲ್ಲ. ಆದ್ರೆ ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ ವರದಿಯಲ್ಲೇ ಬರೆದಿದಾರೆ, ಇ20ಗೆ ಅಂತ ಟ್ಯೂನ್ ಮಾಡಿರದ ಹಳೇ ಕಾರಲ್ಲಿ ಮೈಲೇಜು ಶೇಕಡಾ 6-7 ಇಳಿಯುತ್ತೆ, ಟೂ ವೀಲರ್‌ನಲ್ಲಿ 3-4, ಹೊಸದಾಗಿ ಟ್ಯೂನ್ ಮಾಡಿರೋ ಗಾಡಿಯಲ್ಲಿ 1-2 ಅಂತ. ನನ್ನದು 2017ರ 1.2 ಲೀಟರ್ ಹ್ಯಾಚ್‌ಬ್ಯಾಕ್, ಊರೊಳಗೆ ಹದಿನಾಲ್ಕರ ಮೇಲೆ ಕೊಡ್ತಿದ್ದದ್ದು ಈಗ ಹದಿಮೂರು ಚಿಲ್ಲರೆ, ಅದರಲ್ಲಿ ಟ್ರಾಫಿಕ್ ಪಾಲೂ ಇರುತ್ತೆ ಅದಕ್ಕೆ ನನ್ನ ಲೆಕ್ಕಕ್ಕಿಂತ ಅವರದ್ದೇ ಲೆಕ್ಕ ತಗೊಳ್ಳೋಣ. ಶೇಕಡಾ 6 ಇಳಿದ್ರೆ, 103 ಕೊಟ್ಟು ಮುಂಚೆ ಹೋಗ್ತಿದ್ದ ದೂರ ಈಗ ಹೋಗೋಕೆ 109 ರೂಪಾಯಿ ಮೇಲೆ ಬೇಕು. ಅಂದ್ರೆ ಹಳೇ ಕಾರಿನವರಿಗೆ ಲೀಟರಿಗೆ ಆರು ರೂಪಾಯಿಗೂ ಮೀರಿದ ಏರಿಕೆ, ಬೋರ್ಡ್‌ನಲ್ಲಿ ಒಂದು ಪೈಸೆ ಬದಲಾಗದೆ. 2024ರ ಜೂನ್‌ನಲ್ಲಿ ಮೂರು ರೂಪಾಯಿ ಏರಿದಾಗ ಎತ್ತಿನಗಾಡಿ ತಂದು ಪ್ರತಿಭಟನೆ ಮಾಡಿದ್ರು, ಅದರ ಎರಡರಷ್ಟು ಏರಿಕೆ ಯಾವ ಸದ್ದೂ ಇಲ್ಲದೆ ಬಂತು.

ನನಗೆ ಸರಿ ಅನ್ನಿಸದೆ ಇರೋದು ಇಷ್ಟೇ, ಬಂಕ್‌ನಲ್ಲಿ ಆಯ್ಕೆ ಇಲ್ಲ. ಹಳೇ ಗಾಡಿಯವರಿಗೆ ಇ10, ಅಂದ್ರೆ ಶೇಕಡಾ 10 ಎಥನಾಲ್ ಇರೋ ಪೆಟ್ರೋಲ್, ಬೇಕು ಅಂದ್ರೆ ಸಾಧಾರಣ ಬಂಕ್‌ನಲ್ಲಿ ಸಿಗಲ್ಲ. ಎಥನಾಲ್ ಅಗ್ಗ ಇದ್ರೆ ರೇಟಲ್ಲಿ ಕಡಿಮೆ ಮಾಡಬಹುದಿತ್ತು, ಆದ್ರೆ 2025ರಲ್ಲಿ ಮೆಕ್ಕೆಜೋಳದ ಎಥನಾಲ್‌ನ ಕಂಪನಿಗಳು ಲೀಟರಿಗೆ 71 ರೂಪಾಯಿ 86 ಪೈಸೆಗೆ ಕೊಳ್ತಿದ್ವು, ಅಸಲು ಪೆಟ್ರೋಲ್‌ಗಿಂತ ದುಬಾರಿ. ಹಾಗಾಗಿ ಇಳಿಕೆ ನಿರೀಕ್ಷೆ ಮಾಡೋದು ಕಷ್ಟ, ಕನಿಷ್ಠ ಇಷ್ಟು ಶಕ್ತಿ ಕಡಿಮೆ ಅನ್ನೋದನ್ನ ಲೆಕ್ಕ ಹಾಕಿ ಸುಂಕದಲ್ಲಾದ್ರೂ ಬಿಡಬೇಕಿತ್ತು.

ಅಳತೆ ಮತ್ತು ಬಂಕ್ ಸರ್ವೀಸ್ ಬಗ್ಗೆ. ಝೀರೋ ನೋಡೋದು ಎಲ್ಲರಿಗೂ ಗೊತ್ತು. ಡೆನ್ಸಿಟಿ, ಅಂದ್ರೆ ಪೆಟ್ರೋಲ್‌ನ ಸಾಂದ್ರತೆ, ಬೋರ್ಡ್‌ನಲ್ಲಿ ಹಾಕಿರ್ತಾರೆ, ಬಿಲ್ ಮೇಲೂ ಬರುತ್ತೆ, ಅದನ್ನ ಯಾರೂ ನೋಡಲ್ಲ. ಇದಕ್ಕಿಂತ ಮುಖ್ಯ ಅಂದ್ರೆ ಪ್ರತಿ ಬಂಕ್‌ನಲ್ಲೂ ಐದು ಲೀಟರ್‌ನ ಅಳತೆ ಪಾತ್ರೆ ಇರಲೇಬೇಕು, ಕಾನೂನು ಮಾಪನ ಇಲಾಖೆಯ ಮುದ್ರೆ ಅದರ ಮೇಲಿರಬೇಕು, ಗ್ರಾಹಕ ಕೇಳಿದ್ರೆ ಅಳೆದು ತೋರಿಸಬೇಕು. ನಮ್ಮ ಕಡೆ ಹೈವೇ ಪಕ್ಕದ ಒಂದು ಬಂಕ್‌ನಲ್ಲಿ ಅನುಮಾನ ಬಂದು ಕೇಳಿದೆ, ‘ಅಣ್ಣ, ಆ ಐದು ಲೀಟರ್ ಡಬ್ಬ ಸ್ವಲ್ಪ ತರ್ತೀರಾ, ಒಂದ್ಸಲ ಚೆಕ್ ಮಾಡೋಣ’ ಅಂತ. ಹುಡುಗ ಒಳಗೆ ನೋಡಿದ, ಒಳಗಿಂದ ಮ್ಯಾನೇಜರ್ ಬಂದು ‘ಯಾಕ್ ಸಾರ್, ಮೆಷಿನ್ ಎಲ್ಲಾ ಸೀಲ್ ಆಗಿರೋದೇ’ ಅಂದ್ರು. ಸೀಲ್ ಇರಲಿ ಸಾರ್, ಡಬ್ಬ ತನ್ನಿ ಅಂದೆ. ಆಮೇಲೆ ತಂದ್ರು, ಹಾಕಿದ್ರು, ಕತ್ತಿನ ಹತ್ತಿರ ಇರೋ ಗೀಟಿಗಿಂತ ಪೆಟ್ರೋಲ್ ಕೆಳಗೇ ನಿಂತಿತ್ತು, ಐದು ಲೀಟರಿಗೆ 25 ಎಂಎಲ್ ತನಕ ವ್ಯತ್ಯಾಸಕ್ಕೆ ಅವಕಾಶ ಇದೆ, ಇದು ಅದಕ್ಕಿಂತ ಜಾಸ್ತಿ ಕಂಡಿತು. ಆವತ್ತೇ ಆ ಮೆಷಿನ್‌ಗೆ ಹಗ್ಗ ಕಟ್ಟಿ ನಿಲ್ಲಿಸಿದ್ರು. ಬೇರೆ ಎರಡು ಬಂಕ್‌ನಲ್ಲಿ ಕೇಳಿದಾಗ ಗೀಟಿಗೆ ಸರಿಯಾಗಿ ಬಂತು, ಒಬ್ಬ ಹುಡುಗ ಅಂತೂ ‘ನೀವೊಬ್ರೇ ಸಾರ್ ಕೇಳಿದ್ದು’ ಅಂತ ಖುಷಿಯಿಂದ ತೋರಿಸಿದ. ಕೇಳಿ, ಜಗಳ ಮಾಡೋದು ಬೇಡ, ಸುಮ್ಮನೆ ಕೇಳಿ. ಗಾಳಿ, ಕುಡಿಯೋ ನೀರು, ಟಾಯ್ಲೆಟ್ ಫ್ರೀ ಕೊಡಬೇಕು ಅನ್ನೋದೂ ನಿಯಮದಲ್ಲೇ ಇದೆ, ಗಾಳಿ ಹಿಡಿಯೋರಿಗೆ ಹತ್ತು ರೂಪಾಯಿ ಕೊಡೋದು ನಿಮ್ಮ ಪ್ರೀತಿ.

ಬೇರೆ ಅಂಗಡಿ ಅಂದ್ರೆ ಇಲ್ಲಿ ಬೇರೆ ರಾಜ್ಯ. ಮಂಗಳೂರಿಂದ ಕಾಸರಗೋಡಿಗೆ ಹೋಗುವಾಗ ತಲಪಾಡಿ ಗಡಿ ಸಿಗುತ್ತಲ್ಲ, ನಮ್ಮ ಕಡೆ ಬಂಕ್‌ಗಳಲ್ಲಿ ಕೇರಳ ನಂಬರ್ ಗಾಡಿಗಳ ಸಾಲು, ಲೀಟರಿಗೆ ಮೂರ್ನಾಲ್ಕು ರೂಪಾಯಿ ನಮ್ಮಲ್ಲಿ ಕಡಿಮೆ, 2023ರಲ್ಲಿ ಅಲ್ಲಿನ ಸರ್ಕಾರ ಎರಡು ರೂಪಾಯಿ ಸೆಸ್ ಹಾಕಿದ ಮೇಲಂತೂ ಜಾಸ್ತಿ ಆಯ್ತು. ಅದೇ ಕಾರವಾರದ ಜನ ಮಾಜಾಳಿ ದಾಟಿ ಗೋವಾ ಕಡೆ ಹೋಗಿ ತುಂಬಿಸ್ಕೊಂಡು ಬರ್ತಾರೆ, ಅಲ್ಲಿ ನಮಗಿಂತ ಅಗ್ಗ. ಒಂದೇ ಕಂಪನಿ, ಒಂದೇ ಟ್ಯಾಂಕರ್, ಒಂದೇ ಪೆಟ್ರೋಲ್. ಗಡಿಯಲ್ಲಿರೋರಿಗೆ ಇದು ಉಪಯೋಗ, ಬೆಂಗಳೂರು ಹಾಸನದವರಿಗೆ ಏನೂ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಕೂತಿರೋ ವಿಷಯ. ರೇಟ್ ಏರಿದ್ರೆ ಟೊಮ್ಯಾಟೊ ಬಿಟ್ಟು ಹುಣಸೆಹಣ್ಣು ಹಾಕ್ತೀವಿ, ಪೆಟ್ರೋಲ್ ರೇಟ್ ಏರಿದ್ರೆ ನಾವು ಕಡಿಮೆ ಹಾಕಿಸಲ್ಲ, ಹಾಕಿಸೋಕೆ ಆಗಲ್ಲ, ಯಾಕಂದ್ರೆ ಮನೆ ಮುಂದೆ ನಿಂತಿರೋ ಕಾರು ಎಷ್ಟು ಕುಡಿಯುತ್ತೆ ಅನ್ನೋದು ಶೋರೂಮಲ್ಲಿ ಸೈನ್ ಹಾಕಿದ ದಿನವೇ ಹತ್ತು ಹದಿನೈದು ವರ್ಷಕ್ಕೆ ತೀರ್ಮಾನ ಆಗಿಬಿಟ್ಟಿರುತ್ತೆ. ಎರಡೂ ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತು. ದೇಶದಲ್ಲಿ 2014-15ರಲ್ಲಿ ಮಾರಾಟ ಆಗ್ತಿದ್ದ ಪೆಟ್ರೋಲ್ ಸುಮಾರು 1.9 ಕೋಟಿ ಟನ್, 2024-25ರಲ್ಲಿ 4 ಕೋಟಿ ಟನ್. ಈ ಹತ್ತು ವರ್ಷದಲ್ಲಿ ರೇಟು ಎಪ್ಪತ್ತಿಂದ ನೂರು ದಾಟಿದೆ, ಸುಂಕ ಎರಡರಷ್ಟು ಆಗಿದೆ, ಬೇಡಿಕೆ ಕಮ್ಮಿ ಆಗೋ ಬದಲು ಅದೂ ಎರಡರಷ್ಟಾಗಿದೆ. ಲೀಟರಿಗೆ ಇಷ್ಟು ಅಂತ ಫಿಕ್ಸ್ ಸುಂಕ ಹಾಕಿರೋರಿಗೆ ಇದಕ್ಕಿಂತ ಭದ್ರವಾದ ಆದಾಯ ಯಾವುದಿದೆ ಹೇಳಿ, ಯಾರು ತಾನೇ ಇಳಿಸ್ತಾರೆ. ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಜಾಸ್ತಿ ಹೊರಗಿಂದ ಬರ್ತಿರೋದು, ನಾವು ಜಾಸ್ತಿ ಸುಟ್ಟಷ್ಟೂ ಜಾಸ್ತಿ ಡಾಲರ್ ಬೇಕು, ರೂಪಾಯಿ ಬಿದ್ದಷ್ಟೂ ಆ ಐವತ್ತು ಚಿಲ್ಲರೆಯ ಅಸಲು ಬೆಲೆಯೂ ಏರುತ್ತೆ.

ನಾವು ಕಾರ್ ಆರಿಸೋದ್ರಲ್ಲೂ ಪಾಲಿಸಿಯ ಕೈ ಇದೆ, ಇದು ಹೊಸದಲ್ಲ. 2012ರಲ್ಲಿ ಡೀಸೆಲ್‌ಗೂ ಪೆಟ್ರೋಲ್‌ಗೂ ಲೀಟರಿಗೆ 25-30 ರೂಪಾಯಿ ವ್ಯತ್ಯಾಸ ಇತ್ತು, ಬಸ್ಸಿಗೆ, ಲಾರಿಗೆ, ರೈತನ ಟ್ರ್ಯಾಕ್ಟರ್‌ಗೆ ಅಂತ ಇಟ್ಟ ರಿಯಾಯ್ತಿ ಅದು, ಅದನ್ನ ನೋಡಿ ಊರಿಗೆ ಊರೇ ಡೀಸೆಲ್ ಕಾರ್ ತಗೊಳ್ತು, ಆಗ ಮಾರಾಟ ಆಗ್ತಿದ್ದ ಕಾರುಗಳಲ್ಲಿ ಅರ್ಧಕ್ಕೂ ಜಾಸ್ತಿ ಡೀಸೆಲ್. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ರೇಟೂ ಮಾರ್ಕೆಟ್‌ಗೆ ಬಿಟ್ಟ ಮೇಲೆ ವ್ಯತ್ಯಾಸ ಕರಗ್ತಾ ಬಂತು, 2020ರಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಇಂಜಿನ್ನನ್ನೇ ನಿಲ್ಲಿಸ್ತು. ಮಧ್ಯದಲ್ಲಿ ಲಕ್ಷ ಜಾಸ್ತಿ ಕೊಟ್ಟು ಡೀಸೆಲ್ ತಗೊಂಡೋರ ಲೆಕ್ಕವೆಲ್ಲಾ ಬುಡಮೇಲಾಯ್ತು. ಈಗ ಅದೇ ಥರ ನಾಲ್ಕು ಮೀಟರ್ ಕಥೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ ಸುಂಕ ಇಳಿಸಿದ್ರು, ಸಣ್ಣ ಕಾರು ಕಡಿಮೆ ಕುಡಿಯುತ್ತೆ ಅನ್ನೋ ಉದ್ದೇಶ. ಕಂಪನಿಯವರು ಎಸ್‌ಯುವಿಯನ್ನೇ ಹಿಂದೆ ಕತ್ತರಿಸಿ ನಾಲ್ಕು ಮೀಟರ್ ಒಳಗೆ ತಂದ್ರು. 2024-25ರಲ್ಲಿ ಮಾರಾಟವಾದ ಪ್ಯಾಸೆಂಜರ್ ಗಾಡಿಗಳಲ್ಲಿ ನೂರಕ್ಕೆ 65 ಯುಟಿಲಿಟಿ ಗಾಡಿಗಳೇ, ಅಂದ್ರೆ ಎಸ್‌ಯುವಿ ಥರದ್ದು.

2025ರ ಸೆಪ್ಟೆಂಬರ್ 22, ನವರಾತ್ರಿ ಮೊದಲ ದಿನ, ಜಿಎಸ್‌ಟಿ ಬದಲಾಯ್ತು. ನಾಲ್ಕು ಮೀಟರ್ ಒಳಗೆ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 28 ಪ್ಲಸ್ ಸೆಸ್ ಇದ್ದದ್ದು 18ಕ್ಕೆ ಬಂತು. ಅದಕ್ಕಿಂತ ದೊಡ್ಡದಕ್ಕೆ 40. ಎಲೆಕ್ಟ್ರಿಕ್‌ಗೆ ಮುಂಚಿನ ಹಾಗೇ 5. ನಮ್ಮ ಭಾವ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಮನಸ್ಸಲ್ಲಿ ಇಟ್ಕೊಂಡಿದ್ರು, ನನ್ನನ್ನೂ ಕರ್ಕೊಂಡು ಶೋರೂಮ್‌ಗೆ ಹೋದ್ರು. ಸೇಲ್ಸ್ ಹುಡುಗ ಕಾಫಿ ಕೊಟ್ಟು, ‘ಸಾರ್, ಈಗ ಟ್ಯಾಕ್ಸ್ ಇಳಿದಿದೆ, ನೀವು ಅಂದ್ಕೊಂಡಿರೋ ದುಡ್ಡಿಗೇ ಟರ್ಬೊ ಆಟೋಮ್ಯಾಟಿಕ್ ಬರುತ್ತೆ, ಎಸ್‌ಯುವಿ, ಕೂತ್ಕೊಂಡ್ರೆ ರೋಡ್ ಎಲ್ಲಾ ಕಾಣುತ್ತೆ, ಇಎಂಐ ಅಷ್ಟೇ’ ಅಂದ. ಭಾವನ ಮುಖ ಅರಳ್ತು. ನಾನು ಕೇಳಿದೆ, ‘ಭಾವ, ಇದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಎಷ್ಟು ಕೊಡುತ್ತೆ ಅಂತ ಕೇಳ್ರಿ’. ಹುಡುಗ ಬ್ರೋಶರ್ ತೋರಿಸಿ ಹದಿನೆಂಟು ಅಂದ. ಅಲ್ಲೇ ಡೆಲಿವರಿ ತಗೊಂಡು ಸರ್ವೀಸ್‌ಗೆ ಬಂದಿದ್ದ ಒಬ್ಬ ಓನರ್‌ನ ಕೇಳಿದ್ವಿ, ಊರೊಳಗೆ ಹತ್ತು ಸಾರ್, ಎಸಿ ಹಾಕಿದ್ರೆ ಅದೂ ಇಲ್ಲ ಅಂದ್ರು.

ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ 12 ಸಾವಿರ ಕಿಲೋಮೀಟರ್. ಲೀಟರಿಗೆ 15 ಕೊಡೋ ಸಣ್ಣ ಕಾರಿಗೆ 800 ಲೀಟರ್. 10 ಕೊಡೋ ಗಾಡಿಗೆ 1200 ಲೀಟರ್. ವ್ಯತ್ಯಾಸ 400 ಲೀಟರ್, 103ರ ಲೆಕ್ಕದಲ್ಲಿ 41 ಸಾವಿರ, ಅದರಲ್ಲಿ 18 ಸಾವಿರ ಬರೀ ತೆರಿಗೆ. ಪ್ರತಿ ವರ್ಷ. ರಾಜ್ಯ ಸರ್ಕಾರ ಮೂರು ರೂಪಾಯಿ ಏರಿಸಿದಾಗ ಭಾವ ವಾರಗಟ್ಟಲೆ ಬೈದಿದ್ರು, ಆ ಮೂರು ರೂಪಾಯಿಯಿಂದ ಸಣ್ಣ ಕಾರಿನವರಿಗೆ ವರ್ಷಕ್ಕೆ ಬೀಳೋದು 2,400. ಈ ಒಂದು ಸೈನ್‌ನಿಂದ ಬೀಳೋದು ಅದರ ಹದಿನೇಳು ಪಟ್ಟು. ‘ಹಂಗಾದ್ರೆ ಜಿಎಸ್‌ಟಿಯಲ್ಲಿ ಉಳಿದದ್ದೆಲ್ಲಾ ಪೆಟ್ರೋಲ್ ಟ್ಯಾಕ್ಸಲ್ಲಿ ವಾಪಸ್ ಕೊಡ್ತೀನಿ ಅಂತಾಯ್ತಲ್ಲೋ’ ಅಂದ್ರು ಭಾವ. ಹೌದು ಭಾವ, ಅದೇ. ಕೊನೆಗೆ ಅವರು ಹೋದಾಗ ಮನಸ್ಸಲ್ಲಿದ್ದ ಸಣ್ಣ ಕಾರನ್ನೇ ಬುಕ್ ಮಾಡಿದ್ರು, ಅವರ ಮನೇಲಿ ಇರೋದು ಮೂರು ಜನ.

ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಈ ತೆರಿಗೆ ಉದ್ದ ಅಳೆಯುತ್ತೆ, ಸಿಸಿ ನೋಡುತ್ತೆ, ಲೀಟರಿಗೆ ಎಷ್ಟು ಓಡುತ್ತೆ ಅಂತ ಮಾತ್ರ ಕೇಳಲ್ಲ. ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರ್‌ನಲ್ಲೂ ಓಡೋ ಸ್ಟ್ರಾಂಗ್ ಹೈಬ್ರಿಡ್ ಅಂತ ಬರ್ತಾವಲ್ಲ, ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಥರದ್ದು, ಟ್ರಾಫಿಕ್‌ನಲ್ಲೇ ಲೀಟರಿಗೆ ಇಪ್ಪತ್ತರ ಹತ್ತಿರ ಕೊಡೋ ಗಾಡಿಗಳು, ನಿಂತು ನಿಂತು ಹೋಗೋ ಬೆಂಗಳೂರಿಗೆ ಹೇಳಿ ಮಾಡಿಸಿದ ಹಾಗಿವೆ. ಅವು ನಾಲ್ಕು ಮೀಟರ್ ದಾಟ್ತವೆ, ಇಂಜಿನ್ 1500 ಸಿಸಿ, ಹಾಗಾಗಿ 40 ಪರ್ಸೆಂಟ್ ಜಿಎಸ್‌ಟಿ. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸು, ಅದು ಗಾಡಿ ಬೆಲೆ ಮೇಲೆ ಹಾಕೋದು, 5 ಲಕ್ಷದ ತನಕ 13 ಪರ್ಸೆಂಟು, 10 ಲಕ್ಷದ ತನಕ 14, ಅದು ದಾಟಿದ್ರೆ 17, 20 ಲಕ್ಷ ದಾಟಿದ್ರೆ 18, ಮೇಲೆ ಸೆಸ್ ಬೇರೆ. ಅರ್ಧ ಪೆಟ್ರೋಲ್‌ನಲ್ಲಿ ಓಡೋ ಗಾಡಿಗೆ 40 ಮತ್ತು 17, ಹತ್ತು ಕೊಡೋ ಟರ್ಬೊಗೆ 18 ಮತ್ತು 14. ಉತ್ತರ ಪ್ರದೇಶದವರು 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ರಿಜಿಸ್ಟ್ರೇಷನ್ ತೆರಿಗೆ ಮನ್ನಾ ಮಾಡಿದ್ರು. ದೇಶದಲ್ಲೇ ಮೊದಲು, 2017ರಲ್ಲೇ ಎಲೆಕ್ಟ್ರಿಕ್ ಗಾಡಿ ನೀತಿ ತಂದ ರಾಜ್ಯ ನಮ್ಮದು, ನಾವು ಯಾಕೆ ಮಾಡಬಾರದು. ಇಂಧನ ದಕ್ಷತೆ ನಿಯಮ ಅಂತ ಕಾರ್ ಕಂಪನಿಗಳ ಮೇಲೆ ಕೇಂದ್ರದ್ದು ಒಂದಿದೆ, ಅದರಲ್ಲೂ ಗಾಡಿಗಳ ಸರಾಸರಿ ತೂಕ ಜಾಸ್ತಿ ಇದ್ದಷ್ಟೂ ಗುರಿ ಸಡಿಲ ಆಗುತ್ತೆ.

ಪೆಟ್ರೋಲ್ ಬಿಟ್ಟು ಬೇರೆ ಏನು ಅಂತ ಕೇಳಿದ್ರೆ, ಮನೇಲಿ ಸ್ವಂತ ಪಾರ್ಕಿಂಗ್ ಇದ್ದು ದಿನಾ ಒಂದೇ ರೂಟಲ್ಲಿ ಓಡಾಡೋರಿಗೆ ಎಲೆಕ್ಟ್ರಿಕ್ ಸ್ಕೂಟರ್ ಕಣ್ಣು ಮುಚ್ಕೊಂಡು ತಗೊಳ್ಳಿ ಅಂತೀನಿ. ಅಪಾರ್ಟ್‌ಮೆಂಟಲ್ಲಿ ಚಾರ್ಜಿಂಗ್ ಪಾಯಿಂಟ್‌ಗೆ ಅಸೋಸಿಯೇಷನ್ ಒಪ್ಪೋದೇ ದೊಡ್ಡ ಕೆಲಸ, ಅದು ಬೇರೆ ಕಥೆ. ಸಿಎನ್‌ಜಿ ಬೆಂಗಳೂರಲ್ಲಿ ಸಿಗುತ್ತೆ, ಬಂಕ್ ಕಡಿಮೆ, ಲೈನ್ ಜಾಸ್ತಿ, ದಿನಕ್ಕೆ ಐವತ್ತು ಕಿಲೋಮೀಟರ್ ಮೇಲೆ ಓಡಿಸೋರಿಗೆ ಮಾತ್ರ. ಮೆಟ್ರೋ ಚೆನ್ನಾಗಿದೆ, ಹಳದಿ ಲೈನ್ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ತನಕ ಶುರುವಾದ ಮೇಲೆ ಎಷ್ಟೋ ಜನ ಎಲೆಕ್ಟ್ರಾನಿಕ್ ಸಿಟಿಗೆ ಗಾಡಿ ತರೋದು ಬಿಟ್ಟಿದಾರೆ, ಆದ್ರೆ ಅದೇ ವರ್ಷ ಜನವರಿಯಲ್ಲಿ ಬಸ್ ಟಿಕೆಟ್ 15 ಪರ್ಸೆಂಟ್ ಏರಿಸಿದ್ರು, ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದ್ರು. ಗಂಡ ಹೆಂಡತಿ ಇಬ್ಬರು ಹೋಗಿ ಬರೋಕೆ ಮೆಟ್ರೋಗಿಂತ ಸ್ಕೂಟರ್ ಪೆಟ್ರೋಲೇ ಅಗ್ಗ ಅನ್ನೋ ಹಾಗೆ ಮಾಡಿದ್ರೆ ಜನ ಬಂಕ್‌ಗೇ ಬರ್ತಾರೆ.

ನನ್ನ ರೇಟಿಂಗು: ಅಳತೆಗೆ ಐದಕ್ಕೆ ನಾಲ್ಕು, ಬಹುಪಾಲು ಬಂಕ್ ಸರಿಯಾಗೇ ಕೊಡ್ತಾರೆ, ಮಳೆ ಬಿಸಿಲಲ್ಲಿ ನಿಂತು ಕೆಲಸ ಮಾಡೋ ಹುಡುಗ ಹುಡುಗೀರಿಗೆ ಇನ್ನೂ ಒಂದು ಜಾಸ್ತಿ ಕೊಟ್ರೂ ತಪ್ಪಿಲ್ಲ. ಕ್ವಾಲಿಟಿಗೆ ಹೊಸ ಗಾಡಿಯವರಾದ್ರೆ ನಾಲ್ಕು, ಇ20ಗೆ ತಕ್ಕ ಗಾಡಿಗಳು ಬರೋಕೆ ಶುರುವಾದ 2023ರ ಏಪ್ರಿಲ್‌ಗಿಂತ ಹಳೇದಾದ್ರೆ ಎರಡೂವರೆ. ರೇಟಿಗೆ ಒಂದೂವರೆ. ಬಿಲ್‌ಗೆ ಸೊನ್ನೆ ಕೊಡ್ತೀನಿ, ಯಾಕಂದ್ರೆ ಹೋಟೆಲಲ್ಲಿ ಒಂದು ದೋಸೆ ತಿಂದ್ರೂ ಕೇಂದ್ರದ ಜಿಎಸ್‌ಟಿ ಇಷ್ಟು ರಾಜ್ಯದ ಜಿಎಸ್‌ಟಿ ಇಷ್ಟು ಅಂತ ಬಿಲ್‌ನಲ್ಲಿ ಬರುತ್ತೆ, ಮೂರು ಸಾವಿರಕ್ಕೆ ಟ್ಯಾಂಕ್ ಫುಲ್ ಮಾಡಿಸಿದ್ರೆ ಡೆನ್ಸಿಟಿ ಇರುತ್ತೆ, ಗಾಡಿ ನಂಬರ್ ಇರುತ್ತೆ, ಅದರಲ್ಲಿ 1,300 ತೆರಿಗೆಗೆ ಹೋಯ್ತು ಅನ್ನೋದು, ಎಥನಾಲ್ ಎಷ್ಟು ಪಾಲು ಅನ್ನೋದು ಎಲ್ಲೂ ಇರಲ್ಲ. ಮುಂದಿನ ಸಲ ಹಾಕಿಸಿದಾಗ ಬಿಲ್ ಕೇಳಿ ಇಸ್ಕೊಳ್ಳಿ, ಓಡಿದ ಕಿಲೋಮೀಟರ್‌ನ ಅದರ ಹಿಂದೆಯೇ ಬರೆದಿಡಿ, ಹೊಸ ಕಾರ್ ನೋಡೋಕೆ ಹೋಗುವಾಗ ಆ ಬಿಲ್‌ಗಳು ಜೇಬಲ್ಲಿರಲಿ.